‘ನಾನೇ ಸರಿಯಿಲ್ಲ’ ಎಂಬ ನಂಬಿಕೆ ಮೊದಲೋ, ಊಟ ಮೊದಲೋ?

ಪ್ರಶ್ನೆ: ನನಗೆ 26 ವರ್ಷ. ಹದಿನೇಳರಿಂದಲೂ ಊಟ ಬಿಡುವುದು, ಆಮೇಲೆ ತಡೆಯಲಾಗದೆ ಸಿಕ್ಕಿದ್ದೆಲ್ಲ ತಿನ್ನುವುದು, ತಿಂದ ಮೇಲೆ ವಾಂತಿ ಮಾಡಿಕೊಳ್ಳುವುದು ನಡೆದೇ ಇದೆ. ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ, ತೂಕ ಎಲ್ಲರಂತೆಯೇ ಇದೆ. ಕಳೆದ ವರ್ಷ ಆರು ತಿಂಗಳು ಒಬ್ಬ ಆಪ್ತಸಮಾಲೋಚಕರ ಬಳಿ ಹೋದೆ. ‘ನಾನು ಯಾವುದಕ್ಕೂ ಲಾಯಕ್ಕಿಲ್ಲ, ನನ್ನನ್ನು ಪೂರ್ತಿ ತಿಳಿದವರು ನನ್ನ ಜೊತೆ ಉಳಿಯುವುದಿಲ್ಲ’ ಎಂಬ ನಂಬಿಕೆ ನನ್ನೊಳಗೆ ಬಾಲ್ಯದಿಂದ ಬೇರುಬಿಟ್ಟಿದೆ, ಅದನ್ನು ಕಿತ್ತರೆ ಊಟದ ಸಮಸ್ಯೆ ತಾನಾಗಿ ಹೋಗುತ್ತದೆ ಎಂದರು. ಆ ಮಾತು ನಾಟಿತು. ಬಾಲ್ಯದ ಬಗ್ಗೆ ತುಂಬ ಮಾತಾಡಿದೆ, ತುಂಬ ಅತ್ತೆ. ಆದರೆ ಹಾಗೆ ಅತ್ತು ಬಂದ ರಾತ್ರಿಗಳಲ್ಲೇ ತಿನ್ನುವುದು, ವಾಂತಿ ಎರಡೂ ಹೆಚ್ಚಾದವು. ಕೊನೆಗೆ ಹೋಗುವುದನ್ನೇ ಬಿಟ್ಟೆ. ನನ್ನ ನಂಬಿಕೆ ಸುಳ್ಳು ಎಂದು ತಲೆಗೆ ಗೊತ್ತು, ಒಳಗೆ ಮಾತ್ರ ಅದೇ ನಿಜ. ಮೊದಲು ಯಾವುದನ್ನು ಸರಿಮಾಡಿಕೊಳ್ಳಬೇಕು? ತೂಕ ಸರಿಯಿರುವ ನನ್ನದು ನಿಜಕ್ಕೂ ಕಾಯಿಲೆಯೇ? ಅಮ್ಮನಿಗೆ ಹೇಳಿದರೆ ‘ನಾನೇನು ತಪ್ಪು ಮಾಡಿದೆ’ ಎಂದು ಕುಸಿದುಹೋಗುತ್ತಾರೆ. ಹೇಳದೇ ಇರಲೇ?

ಉತ್ತರ: ಕಾಯಿಲೆಯೇ ಎಂಬ ಪ್ರಶ್ನೆಯನ್ನು ನೀವು ನಡುವೆ ಎಲ್ಲೋ ಸಂಕೋಚದಿಂದ ಸೇರಿಸಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಉಳಿದದ್ದಕ್ಕೆ ಒಂದೆರಡು ವಾರ ಕಾಯಬಹುದು, ಇದಕ್ಕೆ ಆಗದು.

ಹೌದು, ಕಾಯಿಲೆಯೇ. ಪತ್ರ ಓದಿ ರೋಗನಿರ್ಣಯ ಮಾಡಬಾರದು. ಆದರೂ ನೀವು ಬರೆದಿರುವುದು ಬುಲೀಮಿಯಾ ನರ್ವೋಸಾ ಎಂಬುದಕ್ಕೆ ಬಹಳ ಹತ್ತಿರವಾಗಿದೆ. ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ 1979ರಲ್ಲಿ ಇದಕ್ಕೆ ಈ ಹೆಸರು ಕೊಟ್ಟರು. ಬುಲೀಮಿಯಾ ಇರುವ ಹೆಚ್ಚಿನವರ ತೂಕ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ, ಅಥವಾ ತುಸು ಹೆಚ್ಚಿರುತ್ತದೆ. ಆದ್ದರಿಂದಲೇ ಮನೆಯವರಿಗೂ, ಎಷ್ಟೋ ಸಲ ಡಾಕ್ಟರಿಗೂ ಇದು ಕಾಣುವುದಿಲ್ಲ. ಪದೇ ಪದೇ ವಾಂತಿಯಾದಾಗ ರಕ್ತದಲ್ಲಿ ಪೊಟ್ಯಾಸಿಯಂ ಕುಸಿಯುತ್ತದೆ. ಪೊಟ್ಯಾಸಿಯಂ ಕುಸಿದರೆ ಹೃದಯದ ಬಡಿತ ತಪ್ಪಬಹುದು. ಇದು ತೂಕ ನೋಡಿ ಬರುವ ಅಪಾಯವಲ್ಲ, ಕನ್ನಡಿಯಲ್ಲಿ ಕಾಣುವಂಥದ್ದೂ ಅಲ್ಲ. ಈ ವಾರವೇ ಒಬ್ಬ ಡಾಕ್ಟರ ಬಳಿ ಹೋಗಿ. ವಾಂತಿಯ ವಿಷಯವನ್ನು ಮುಚ್ಚಿಡದೆ ಹೇಳಿ, ರಕ್ತದ ಲವಣಾಂಶಗಳ ಪರೀಕ್ಷೆ ಮತ್ತು ಇಸಿಜಿ ಮಾಡಿಸಿಕೊಳ್ಳಿ. ತಲೆಸುತ್ತಿ ಬೀಳುವುದು, ಎದೆ ಡವಗುಟ್ಟುವುದು, ಕೈಕಾಲು ಸೋಲುವುದು, ವಾಂತಿಯಲ್ಲಿ ರಕ್ತ, ಸಾಯಬೇಕೆಂಬ ಯೋಚನೆ ಇವುಗಳಲ್ಲಿ ಒಂದು ಬಂದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಇನ್ನೊಂದು ಚಿಕ್ಕ ಮಾತು: ವಾಂತಿಯಾದ ತಕ್ಷಣ ಹಲ್ಲುಜ್ಜಬೇಡಿ, ನೀರಿನಲ್ಲಿ ಬಾಯಿ ಮುಕ್ಕಳಿಸಿ ಸಾಕು. ಆಮ್ಲ ತಾಗಿ ಮೆತ್ತಗಾದ ಹಲ್ಲಿನ ಮೇಲ್ಪದರ ಬ್ರಷ್‌ಗೆ ಸವೆದುಹೋಗುತ್ತದೆ.

‘ನನ್ನದು ನಿಜಕ್ಕೂ ಕಾಯಿಲೆಯೇ’ ಎಂಬ ಮಾತನ್ನು ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ತೀರಾ ಬಡಕಲಾಗಿ ಆಸ್ಪತ್ರೆಯ ಮಂಚದ ಮೇಲೆ ಮಲಗಿದವರೂ ‘ನನಗಿಂತ ಕಷ್ಟದಲ್ಲಿರುವವರಿಗೆ ಈ ಜಾಗ ಸಿಗಬೇಕಿತ್ತು’ ಎನ್ನುತ್ತಾರೆ. ಗಮನಿಸಿ, ಇಲ್ಲಿ ಮಾತಾಡುತ್ತಿರುವುದೇ ನೀವು ಕೇಳಿದ ಆ ನಂಬಿಕೆ. ಯಾವುದಕ್ಕೂ ಲಾಯಕ್ಕಿಲ್ಲ ಎಂದುಕೊಂಡವರಿಗೆ ಕಾಯಿಲೆಯಲ್ಲೂ ತಾವು ಸಾಲದವರಾಗಿಯೇ ಕಾಣುತ್ತಾರೆ, ಚಿಕಿತ್ಸೆ ಕೇಳುವ ಹಕ್ಕೂ ತಮಗಿಲ್ಲ ಅನ್ನಿಸುತ್ತದೆ. ಒಂಬತ್ತು ವರ್ಷ ನಿಮ್ಮನ್ನು ತಡೆದಿದ್ದರಲ್ಲಿ ಇದರ ಪಾಲು ದೊಡ್ಡದಿರಬೇಕು.

ಇನ್ನು ಆ ನಂಬಿಕೆಯ ವಿಷಯ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆಯ ರೋಗಿಗಳ ಮಾತನ್ನು ಕಿವಿಗೊಟ್ಟು ಕೇಳುತ್ತಾ ಹೋದರು. ಅವರೂ ಅವರ ನಂತರದವರೂ ಬೆಳೆಸಿದ ವಿವರಣೆಯಲ್ಲಿ ನಮ್ಮ ಯೋಚನೆಗೆ ಮೂರು ಪದರ. ಮೇಲೆ ತಟಕ್ಕನೆ ಹಾದುಹೋಗುವ ಯೋಚನೆಗಳು: ‘ಇವತ್ತು ತಿಂದುಬಿಟ್ಟೆ, ಎಲ್ಲಾ ಹಾಳಾಯಿತು.’ ಅದರ ಕೆಳಗೆ ನಾವೇ ಮಾಡಿಕೊಂಡ ಕಟ್ಟಳೆಗಳು: ‘ಮೈಯನ್ನು ಹದ್ದುಬಸ್ತಿನಲ್ಲಿಟ್ಟರೆ ಮಾತ್ರ ನಾಲ್ಕು ಜನ ನನ್ನನ್ನು ಒಪ್ಪುತ್ತಾರೆ.’ ಎಲ್ಲಕ್ಕಿಂತ ಅಡಿಯಲ್ಲಿ, ಹೆಚ್ಚಾಗಿ ಬಾಯಿಬಿಟ್ಟು ಹೇಳದೇ ಇರುವ ಮೂಲ ನಂಬಿಕೆ: ‘ನಾನೇ ಸರಿಯಿಲ್ಲ.’ ಬೆಕ್ ಅವರ ಬಳಿ ಕಲಿತ ಜೆಫ್ರಿ ಯಂಗ್ ಈ ಅಡಿಪದರದ ಮೇಲೆಯೇ ಒಂದು ಚಿಕಿತ್ಸೆ ಕಟ್ಟಿದರು, ಅದಕ್ಕೆ ಸ್ಕೀಮಾ ಥೆರಪಿ ಎನ್ನುತ್ತಾರೆ. ಆಹಾರ ಸೇವನೆಯ ಕಾಯಿಲೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ನಂಬಿಕೆಗಳು ನಾಲ್ಕೈದು: ನನ್ನಲ್ಲೇ ಏನೋ ಊನವಿದೆ, ನನ್ನನ್ನು ಬಿಟ್ಟುಹೋಗುತ್ತಾರೆ, ನನ್ನ ನೋವು ಯಾರಿಗೂ ಬೇಡ, ಎಷ್ಟು ಮಾಡಿದರೂ ಸಾಲದು, ಭಾವನೆ ತೋರಿಸಿದರೆ ಅನಾಹುತ.

ಈ ನಂಬಿಕೆಗಳು ಕೀಳರಿಮೆ, ಖಿನ್ನತೆ, ಆತಂಕ ಎಲ್ಲದರ ಹಿಂದೆಯೂ ಇರುತ್ತವೆ. ಹಾಗಿದ್ದರೆ ಕೆಲವರಲ್ಲಿ ಅವು ಊಟವನ್ನೇ ಏಕೆ ಹಿಡಿದುಕೊಳ್ಳುತ್ತವೆ?

‘ನಾನು ಲಾಯಕ್ಕೇ?’ ಎಂಬ ಪ್ರಶ್ನೆಗೆ ಬದುಕು ಎಂದೂ ನೇರ ಉತ್ತರ ಕೊಡುವುದಿಲ್ಲ. ತೂಕದ ಯಂತ್ರ ಕೊಡುತ್ತದೆ, ಅದೂ ದಿನಾ ಬೆಳಿಗ್ಗೆ, ಅಂಕಿಯಲ್ಲಿ. ಬೇರೆ ಎಲ್ಲ ಕಡೆ ಸೋತೆ ಅನ್ನಿಸಿದಾಗ ಗೆಲ್ಲಬಹುದಾದ ಒಂದು ಜಾಗ ಸಿಕ್ಕಂತಾಗುತ್ತದೆ. ಆಕ್ಸ್‌ಫರ್ಡ್‌ನ ಮನೋವೈದ್ಯ ಕ್ರಿಸ್ಟೊಫರ್ ಫೇರ್‌ಬರ್ನ್ ಈ ಕಾಯಿಲೆಗಳ ತಿರುಳೇ ಇದು ಎಂದರು: ತನ್ನ ಬೆಲೆಯನ್ನೆಲ್ಲ, ಅಥವಾ ಹೆಚ್ಚುಕಡಿಮೆ ಎಲ್ಲವನ್ನೂ, ಮೈಯ ಆಕಾರ, ತೂಕ ಮತ್ತು ಅವುಗಳ ಮೇಲಿನ ಹಿಡಿತದಿಂದಲೇ ಅಳೆಯುವುದು. ಉಳಿದವರು ಸ್ನೇಹ, ಕೆಲಸ, ಮನೆ, ಹವ್ಯಾಸ ಎಂದು ಹತ್ತು ಕಂಬದ ಮೇಲೆ ನಿಂತಿದ್ದರೆ, ಇವರು ಒಂದೇ ಕಂಬದ ಮೇಲೆ.

ನಿಮ್ಮ ಪತ್ರದಲ್ಲಿ ಊಟ ಎರಡು ಬೇರೆ ಬೇರೆ ಕೆಲಸ ಮಾಡುತ್ತಿದೆ. ಊಟ ಬಿಡುವುದು ನೋವು ಬರುವ ಮೊದಲೇ ಕಟ್ಟಿಕೊಳ್ಳುವ ಒಡ್ಡು: ಹಸಿವನ್ನೇ ಗೆದ್ದೆ ಎಂಬ ಹೆಮ್ಮೆ ಇರುವಷ್ಟು ಹೊತ್ತು ‘ಲಾಯಕ್ಕಿಲ್ಲ’ ಎಂಬ ದನಿ ಕೇಳುವುದಿಲ್ಲ. ಸಿಕ್ಕಿದ್ದೆಲ್ಲ ತಿನ್ನುವುದು ಒಡ್ಡು ಒಡೆದ ಮೇಲಿನ ಕೆಲಸ: ನುಗ್ಗಿದ ನೋವನ್ನು ಹೇಗಾದರೂ ಅಡಗಿಸುವುದು. ತಿನ್ನುತ್ತಿರುವಾಗ ಮನಸ್ಸು ಮರಗಟ್ಟಿದಂತಾಗುತ್ತದೆ, ಏನೂ ಅನ್ನಿಸುವುದಿಲ್ಲ ಎಂದು ಎಷ್ಟೋ ಜನ ಹೇಳುತ್ತಾರೆ. ಬಾಲ್ಯದ ಮಾತಾಡಿ ಬಂದ ರಾತ್ರಿಗಳಲ್ಲೇ ನಿಮಗೆ ಹೆಚ್ಚಾಗಿದ್ದು ಇದಕ್ಕೇ. ಹಳೆಯ ನೋವು ತೆರೆದುಕೊಂಡಿತ್ತು, ಅದನ್ನು ತಣಿಸಲು ನಿಮ್ಮ ಕೈಯಲ್ಲಿ ಇದ್ದದ್ದು ಅದೊಂದೇ ಉಪಾಯ. ನೀವು ಚಿಕಿತ್ಸೆಯಲ್ಲಿ ಸೋತಿರಿ ಎಂದು ಇದರ ಅರ್ಥವಲ್ಲ. ಆ ಸಮಾಲೋಚಕರು ನಂಬಿಕೆಯನ್ನು ಗುರುತಿಸಿದ್ದೂ ಸರಿಯೇ ಇತ್ತು. ಕೆಲಸದ ಅನುಕ್ರಮ ತಪ್ಪಿತ್ತು.

ಬೇರು ಕಿತ್ತರೆ ಮರ ತಾನೇ ಬೀಳುತ್ತದೆ ಎಂಬ ಹೋಲಿಕೆ ಕೇಳಲು ಚೆನ್ನ. ಈ ಕಾಯಿಲೆಗೆ ಅದು ಹೊಂದುವುದಿಲ್ಲ. ಏಕೆ ಎಂಬುದಕ್ಕೆ ಒಂದು ಹಳೆಯ ಪ್ರಯೋಗ ನೆನಪಿಗೆ ಬರುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೊಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 36 ಯುವಕರನ್ನು ಆರಿಸಿಕೊಂಡರು. ಎಲ್ಲರೂ ಸ್ವಯಂಸೇವಕರು, ದೇಹ ಮನಸ್ಸು ಎರಡೂ ಗಟ್ಟಿಯಿದ್ದವರು. ಅವರಿಗೆ ಆರು ತಿಂಗಳು ಅರೆಹೊಟ್ಟೆ ಊಟ. ಬರುಬರುತ್ತಾ ಅವರಿಗೆ ಊಟದ್ದೇ ಕನಸು, ಊಟದ್ದೇ ಮಾತು. ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಸಿಡುಕು, ಮಂಕು, ಒಂಟಿತನ. ಕೆಲವರು ಕಟ್ಟಳೆ ಮುರಿದು ತಿಂದು, ಆಮೇಲೆ ತಮ್ಮನ್ನು ತಾವೇ ಹಳಿದುಕೊಂಡರು. ಊಟ ಮತ್ತೆ ಸಿಕ್ಕಿದ ಮೇಲೂ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯಿರಲಿಲ್ಲ. ಈ ಯುವಕರು ತೆಳ್ಳಗಾಗಬೇಕೆಂದು ಬಂದವರಲ್ಲ. ಮಾಡಿದ್ದೆಲ್ಲ ಹಸಿವು.

ಹಾಗಾಗಿ ನಿಮ್ಮೊಳಗಿನ ಮಂಕು, ಊಟದ ಬಗೆಗಿನ ಬಿಡದ ಯೋಚನೆ, ನಿಮ್ಮ ಮೇಲೆ ನಿಮಗಿರುವ ಜಿಗುಪ್ಸೆ ಇವೆಲ್ಲ ಬಾಲ್ಯದಿಂದಲೇ ಬಂದವು ಎಂದುಕೊಳ್ಳಬೇಡಿ. ಅದರಲ್ಲಿ ಒಂದು ಪಾಲು ಮಧ್ಯಾಹ್ನ ಬಿಟ್ಟ ಊಟದಿಂದ ಬಂದದ್ದು. ಇದು ಮರಕ್ಕಿಂತ ಗಾಣಕ್ಕೆ ಹತ್ತಿರ. ನಂಬಿಕೆ ಊಟ ಬಿಡಿಸುತ್ತದೆ. ಹಸಿದ ದೇಹ ಒಂದು ಹೊತ್ತಿನಲ್ಲಿ ತಿಂದೇ ತೀರುತ್ತದೆ, ಅದು ಮನೋಬಲದ ಕೊರತೆಯಲ್ಲ, ದೇಹದ ಧರ್ಮ. ತಿಂದ ಮೇಲೆ ಹೆದರಿಕೆ, ವಾಂತಿ, ನಾಚಿಕೆ. ನಾಚಿಕೆ ಬಂದು ‘ನೋಡು, ನಾನು ಹೇಳಿರಲಿಲ್ಲವೇ, ನೀನು ಸರಿಯಿಲ್ಲ’ ಎನ್ನುತ್ತದೆ. ನಾಳೆ ಮತ್ತೆ ಊಟ ಬಿಡುವ ಶಪಥ. ನಂಬಿಕೆ ಕಾಯಿಲೆಯನ್ನು ಸಾಕುತ್ತದೆ, ಕಾಯಿಲೆ ದಿನಾ ನಂಬಿಕೆಗೆ ಸಾಕ್ಷಿ ಒದಗಿಸುತ್ತದೆ. ಸಾಕ್ಷಿ ಬಂದು ಬೀಳುತ್ತಲೇ ಇರುವಾಗ ನಂಬಿಕೆಯ ಜೊತೆ ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ.

ಮೊದಲು ಯಾವುದು ಎಂದು ಕೇಳಿದಿರಿ. ಮೊದಲು ಊಟ. ಮೂಲ ನಂಬಿಕೆಯ ಕೆಲಸ ಅದರ ಹಿಂದೆಯೇ ಬರಲಿ, ಬೇಕಿದ್ದರೆ. ‘ಬೇಕಿದ್ದರೆ’ ಎಂದೆ, ಏಕೆಂದರೆ ಹೊತ್ತುಹೊತ್ತಿಗೆ ತಿನ್ನಲು ಶುರುವಾಗಿ ಎರಡು ಮೂರು ತಿಂಗಳಾಗುವಷ್ಟರಲ್ಲಿ ಆ ನಂಬಿಕೆ ತಾನಾಗಿಯೇ ಅರ್ಧ ಸಡಿಲವಾದವರನ್ನು ನಾನು ಬಹಳ ಕಂಡಿದ್ದೇನೆ. ಅದು ಅಷ್ಟು ಗಟ್ಟಿಯಾಗಿ ಕಂಡದ್ದೇ ಹಸಿವಿನಿಂದ. ಇನ್ನು ಕೆಲವರಲ್ಲಿ ಊಟ ಸರಿಹೋದರೂ ಅದು ಬಂಡೆಯಂತೆ ಕೂತಿರುತ್ತದೆ. ನೀವು ಯಾವ ಗುಂಪು ಎಂದು ಈಗ ಯಾರೂ ಹೇಳಲಾರರು, ಹೇಳಬಾರದು ಕೂಡ.

ದಾರಿಗಳೇನು ಎಂದರೆ, ನಿಮ್ಮಂಥವರಿಗೆ ನಾನು ಮೊದಲು ಹೇಳುವುದು ಆಹಾರ ಸೇವನೆಯ ಕಾಯಿಲೆಗೆಂದೇ ರೂಪಿಸಿದ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಎರಡನ್ನೂ ಬದಲಿಸುವ ಮಾತಿನ ಚಿಕಿತ್ಸೆ. ತೂಕ ತೀರಾ ಕಡಿಮೆ ಇಲ್ಲದವರಿಗೆ ಸಾಮಾನ್ಯವಾಗಿ 20 ವಾರ, ಸುಮಾರು 20 ಭೇಟಿ. ಮೊದಲ ವಾರದಿಂದಲೇ ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ, ಎರಡರ ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ಹಸಿವಾಗಲಿ ಆಗದಿರಲಿ, ಹಿಂದಿನ ರಾತ್ರಿ ಏನೇ ನಡೆದಿರಲಿ, ಮುಂದಿನ ಹೊತ್ತಿನದು ಬಿಡುವಂತಿಲ್ಲ. ಏನು ತಿಂದಿರಿ, ಆಗ ಮನಸ್ಸಿನಲ್ಲಿ ಏನಿತ್ತು ಎಂದು ಆಗಿಂದಾಗ್ಗೆ ಬರೆದಿಡಬೇಕು. ತೂಕ ನೋಡುವುದು ವಾರಕ್ಕೊಮ್ಮೆ ಮಾತ್ರ. ಕೇಳಲು ಸರಳ, ಮಾಡಲು ಬಹಳ ಕಷ್ಟ. ಮೊದಲ ವಾರಗಳಲ್ಲಿ ಹೊಟ್ಟೆ ಉಬ್ಬರಿಸುತ್ತದೆ, ಹೆದರಿಕೆ ಹೆಚ್ಚುತ್ತದೆ, ‘ದಪ್ಪಗಾಗುತ್ತೇನೆ’ ಎಂಬ ದನಿ ಕಿರಿಚುತ್ತದೆ. ವಾಂತಿ ನಿಮ್ಮನ್ನು ಅದರಿಂದ ಕಾಪಾಡುತ್ತಿದೆ ಎಂದು ನೀವು ನಂಬಿದ್ದರೆ ಅದೂ ತಪ್ಪು: ತಿಂದದ್ದರಲ್ಲಿ ದೊಡ್ಡ ಪಾಲು ದೇಹದಲ್ಲೇ ಉಳಿಯುತ್ತದೆ. ಮೊದಲ ನಾಲ್ಕು ವಾರಗಳಲ್ಲಿ ಬದಲಾವಣೆ ಕಂಡವರು ಮುಂದೆಯೂ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಕಾಣದಿದ್ದರೆ ಸುಮ್ಮನೆ ಎಳೆಯದೆ ಕುಳಿತು ಮರುಯೋಚಿಸಬೇಕು. ಈ ಚಿಕಿತ್ಸೆಯಿಂದ ಎಲ್ಲರೂ ಪೂರ್ತಿ ಗುಣವಾಗುತ್ತಾರೆ ಎಂದು ನಾನು ಹೇಳಲಾರೆ. ಆದರೆ ಬುಲೀಮಿಯಾಕ್ಕೆ ಇಷ್ಟು ಪುರಾವೆಯಿರುವ ಇನ್ನೊಂದು ಚಿಕಿತ್ಸೆ ಇಲ್ಲ.

ನಂಬಿಕೆಯ ಮಾತಿಗೂ ಇಲ್ಲಿ ಜಾಗವಿದೆ. 2003ರಲ್ಲಿ ಫೇರ್‌ಬರ್ನ್ ಅವರೇ ತಾವು ರೂಪಿಸಿದ ಈ ಸಿಬಿಟಿಯನ್ನು ಹಿಗ್ಗಿಸಿ, ಆಳದ ಕೀಳರಿಮೆ, ವಿಪರೀತ ಪರಿಪೂರ್ಣತೆಯ ಹಟ, ಭಾವನೆಗಳನ್ನು ತಾಳಿಕೊಳ್ಳಲಾಗದಿರುವುದು, ಸಂಬಂಧಗಳ ತೊಡಕು ಇವು ಕಾಯಿಲೆಯನ್ನು ಹಿಡಿದಿಟ್ಟರೆ ಅವನ್ನೂ ಮುಟ್ಟಬೇಕು ಎಂದರು. 2009ರಲ್ಲಿ 154 ರೋಗಿಗಳ ಅಧ್ಯಯನವೊಂದು ಹೊರಬಂತು. ಬರೀ ಊಟ, ತೂಕ, ಆಕಾರಗಳ ಮೇಲೆ ಕೆಲಸ ಮಾಡುವ ಚಿಕಿತ್ಸೆ ಒಂದು ಕಡೆ, ಈ ಆಳದ ವಿಷಯಗಳನ್ನೂ ಸೇರಿಸಿಕೊಂಡದ್ದು ಇನ್ನೊಂದು ಕಡೆ. ಒಟ್ಟಾರೆ ಎರಡರ ಫಲವೂ ಒಂದೇ. ಒಡೆದು ನೋಡಿದಾಗ, ಆಳದ ತೊಡಕುಗಳು ಜೋರಾಗಿದ್ದವರಿಗೆ ಹಿಗ್ಗಿಸಿದ ಚಿಕಿತ್ಸೆ ಹೆಚ್ಚು ಒಗ್ಗಿದಂತೆ ಕಂಡಿತು, ಉಳಿದವರಿಗೆ ಸರಳವಾದದ್ದೇ ಮೇಲು. ಎಲ್ಲರ ಬಾಲ್ಯವನ್ನೂ ಅಗೆಯಬೇಕಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಊಟ ಹಳಿಗೆ ಬಂದ ಮೇಲೂ ನಂಬಿಕೆ ಕದಲದಿದ್ದರೆ ಸ್ಕೀಮಾ ಥೆರಪಿಯಂಥ ದೀರ್ಘ ಕೆಲಸವಿದೆ. ವರ್ಷ ಹಿಡಿಯಬಹುದು. ಅದರ ಅಪಾಯ ನೀವೇ ಅನುಭವಿಸಿದ್ದು: ಗಾಯ ತೆರೆದು, ಕಟ್ಟು ಕಟ್ಟದೆ ಮನೆಗೆ ಕಳಿಸುವುದು. ಯಾರ ಬಳಿ ಹೋದರೂ ಮೊದಲೇ ಕೇಳಿ: ‘ಈ ಮಾತಾಡಿ ಹೋದ ರಾತ್ರಿ ನಾನು ಏನು ಮಾಡಬೇಕು?’ ಇದಕ್ಕೆ ಅವರ ಬಳಿ ಸ್ಪಷ್ಟ ಉತ್ತರ ಇರಬೇಕು.

ಔಷಧಗಳಲ್ಲಿ ಬುಲೀಮಿಯಾಕ್ಕೆ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಫ್ಲುಆಕ್ಸೆಟಿನ್, ಅದೂ ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ. ತಿನ್ನುವ, ವಾಂತಿ ಮಾಡುವ ಒತ್ತಡವನ್ನು ಅದು ತಗ್ಗಿಸಬಲ್ಲದು. ಅದೊಂದೇ ಸಾಕಾಗುವುದು ಕಡಿಮೆ, ನಂಬಿಕೆಯನ್ನಂತೂ ಮುಟ್ಟುವುದಿಲ್ಲ. ಶುರುವಿನಲ್ಲಿ ಓಕರಿಕೆ, ನಿದ್ರೆಗೇಡು, ತಳಮಳ ಬರಬಹುದು. ಚಿಕ್ಕ ವಯಸ್ಸಿನವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚುವುದೂ ಉಂಟು, ಹಾಗಾಗಿ ಮೊದಲ ವಾರಗಳಲ್ಲಿ ಡಾಕ್ಟರ ಕಣ್ಣು ಮೇಲಿರಬೇಕು. ಖಿನ್ನತೆಗೆಂದು ಬೇರೆ ಡಾಕ್ಟರ ಬಳಿ ಹೋದಾಗ ವಾಂತಿಯ ವಿಷಯ ಮುಚ್ಚಿಟ್ಟರೆ ಅಪಾಯ: ಬ್ಯುಪ್ರೊಪಿಯಾನ್ ಎಂಬ ಔಷಧದಿಂದ ಬುಲೀಮಿಯಾ ಇರುವವರಿಗೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚು. ಇದನ್ನು ಓದುತ್ತಿರುವವರಲ್ಲಿ ತೂಕ ತೀರಾ ಇಳಿದವರು ಇದ್ದರೆ ಅವರಿಗೊಂದು ಮಾತು. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಏಕಾಏಕಿ ಹೆಚ್ಚು ಊಟ ಕೊಟ್ಟರೆ ರಕ್ತದ ಫಾಸ್ಫೇಟ್ ಕುಸಿದು ಪ್ರಾಣಕ್ಕೇ ಕುತ್ತಾಗಬಹುದು. ಅದನ್ನು ಡಾಕ್ಟರ ಮೇಲ್ವಿಚಾರಣೆಯಲ್ಲೇ ಮಾಡಬೇಕು.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟ ಸಾಲಿಗೆ ಬರುತ್ತೇನೆ: ‘ತಲೆಗೆ ಗೊತ್ತು, ಒಳಗೆ ಮಾತ್ರ ಅದೇ ನಿಜ.’

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತೇವಲ್ಲ, ಮೂಲ ನಂಬಿಕೆ ಹಾಗೆಯೇ. ಯಾರೋ ಹೊಗಳಿದರೆ ‘ಸುಮ್ಮನೆ ಅಂದರು’, ಸುಮ್ಮನಿದ್ದರೆ ‘ನೋಡು, ಇಷ್ಟವಿಲ್ಲ’. ಒಪ್ಪುವ ಸಾಕ್ಷಿ ಒಳಗೆ ಬರುತ್ತದೆ, ಒಪ್ಪದ್ದು ಬಾಗಿಲಲ್ಲೇ ವಾಪಸ್. ಅದು ವಾದ ಕೇಳಿ ಬಂದ ನಂಬಿಕೆಯಲ್ಲ. ಚಿಕ್ಕ ಮಗು ತನ್ನ ಸುತ್ತ ನಡೆದದ್ದಕ್ಕೆ ತನಗೆ ತಿಳಿದಷ್ಟರಲ್ಲಿ ಕೊಟ್ಟುಕೊಂಡ ಕಾರಣ. ದೊಡ್ಡವರು ದೂರವಾದರೆ ಅವರಿಗೇನೋ ಕಷ್ಟವಿದೆ ಎಂದು ಮಗುವಿಗೆ ತೋಚುವುದಿಲ್ಲ, ನಾನೇ ಸರಿಯಿಲ್ಲ ಎಂದು ತೋಚುತ್ತದೆ. ಅನುಭವದಿಂದ ಬಂದದ್ದು ಅನುಭವದಿಂದಲೇ ಹೋಗಬೇಕು. ಆದ್ದರಿಂದ ಒಳ್ಳೆಯ ಚಿಕಿತ್ಸಕರು ನಿಮ್ಮನ್ನು ಒಪ್ಪಿಸಲು ಹೆಣಗುವುದಿಲ್ಲ, ಪರೀಕ್ಷಿಸಿ ನೋಡಲು ಕಳಿಸುತ್ತಾರೆ. ಏನಾಗುತ್ತದೆ ಎಂದು ನಿಮ್ಮ ನಂಬಿಕೆ ಹೇಳುತ್ತದೋ ಅದನ್ನು ಮೊದಲೇ ಬರೆದಿಡುವುದು, ಆಮೇಲೆ ಆ ಕೆಲಸ ಮಾಡುವುದು, ನಿಜಕ್ಕೂ ಆದದ್ದನ್ನು ಪಕ್ಕದಲ್ಲಿ ಬರೆಯುವುದು. ಮೊದಲೇ ಬರೆದಿಡುವುದು ಬಹಳ ಮುಖ್ಯ. ಇಲ್ಲದಿದ್ದರೆ ಏನೇ ನಡೆದರೂ ನಂಬಿಕೆ ಆಮೇಲೆ ‘ನಾನು ಹೇಳಿದ್ದೂ ಇದನ್ನೇ’ ಎಂದುಬಿಡುತ್ತದೆ. ನನ್ನ ಬಳಿ ಬಂದವರೊಬ್ಬರು ಇಂಥ ನಲವತ್ತು ಪುಟ ಬರೆದ ಮೇಲೆ ‘ನಂಬಿಕೆ ಹೋಗಿಲ್ಲ ಡಾಕ್ಟ್ರೇ, ಆದರೆ ಈಗ ಅದರ ಮಾತಿಗೆ ಮೊದಲಿನ ತೂಕ ಇಲ್ಲ’ ಎಂದರು. ಸಾಮಾನ್ಯವಾಗಿ ಇದು ಹೀಗೆಯೇ ಸವೆಯುತ್ತದೆ.

ನಿಮ್ಮ ನಂಬಿಕೆಯ ಎರಡನೇ ಅರ್ಧವನ್ನು ಮತ್ತೊಮ್ಮೆ ಓದಿ: ‘ನನ್ನನ್ನು ಪೂರ್ತಿ ತಿಳಿದವರು ನನ್ನ ಜೊತೆ ಉಳಿಯುವುದಿಲ್ಲ.’ ಒಂಬತ್ತು ವರ್ಷಗಳಲ್ಲಿ ಇದು ಒಂದು ಸಲವೂ ಪರೀಕ್ಷೆಗೆ ಬಿದ್ದಿಲ್ಲ, ಏಕೆಂದರೆ ನಿಮ್ಮನ್ನು ಪೂರ್ತಿ ತಿಳಿಯಲು ನೀವು ಹತ್ತಿರದ ಯಾರಿಗೂ ಬಿಟ್ಟಿಲ್ಲ. ಯಾರು ಪ್ರೀತಿ ತೋರಿಸಿದರೂ ‘ಇವರಿಗೆ ಗೊತ್ತಿಲ್ಲ, ಗೊತ್ತಿದ್ದರೆ ಹೀಗಿರುತ್ತಿರಲಿಲ್ಲ’ ಎಂದು ಅದನ್ನು ಲೆಕ್ಕದಿಂದ ತೆಗೆದುಹಾಕಿದ್ದೀರಿ. ಗುಟ್ಟು ನಿಮ್ಮನ್ನು ಕಾಪಾಡಿಲ್ಲ, ನಂಬಿಕೆಯನ್ನು ಕಾಪಾಡಿದೆ.

ಹಾಗಾಗಿ ಯಾರಿಗಾದರೂ ಹೇಳಿ. ಮೊದಲು ಅಮ್ಮನಿಗೇ ಆಗಬೇಕೆಂದಿಲ್ಲ. ಗೆಳತಿಯಿರಬಹುದು, ಒಡಹುಟ್ಟಿದವರಿರಬಹುದು, ನಿಮ್ಮ ಮಾತನ್ನು ಮುಗಿಯುವ ತನಕ ಕೇಳುವ ಅಭ್ಯಾಸವಿರುವವರು ಯಾರಾದರೂ. ಮನೆಯಲ್ಲಿ ಹೊಡೆತ ಬಡಿತವೋ ದೌರ್ಜನ್ಯವೋ ಇದ್ದಿದ್ದರೆ ಅಲ್ಲಿ ಹೇಳಬೇಡಿ, ಚಿಕಿತ್ಸಕರಿಗೆ ಮೊದಲು ಹೇಳಿ.

ಅಮ್ಮನಿಗೆ ಹೇಳುವುದಾದರೆ ಅವರು ಕೇಳಬಹುದಾದ ಪ್ರಶ್ನೆಗೆ ಉತ್ತರ ಇದು. ಅವಳಿಗಳ ಮೇಲಿನ ಅಧ್ಯಯನಗಳು ಈ ಕಾಯಿಲೆಗಳಲ್ಲಿ ವಂಶವಾಹಿಗಳ ಪಾಲು ಗಣನೀಯವಾಗಿದೆ ಎಂದು ತೋರಿಸಿವೆ. ಊಟ ಬಿಟ್ಟು ತೂಕ ತೀರಾ ಇಳಿಯುವ ಅನೊರೆಕ್ಸಿಯಾ ಎಂಬ ಕಾಯಿಲೆಯ ಕುರಿತ 2019ರ ದೊಡ್ಡ ಅಧ್ಯಯನದಲ್ಲಿ ಮನಸ್ಸಿಗೆ ಸಂಬಂಧಿಸಿದ ವಂಶವಾಹಿ ಅಂಶಗಳ ಜೊತೆಗೆ ದೇಹದ ಚಯಾಪಚಯಕ್ಕೆ ಸಂಬಂಧಿಸಿದವೂ ಕಂಡುಬಂದವು. ಬಾಲ್ಯದ ದೌರ್ಜನ್ಯ, ಮೈಯ ಬಗ್ಗೆ ಗೇಲಿ ಇವು ಅಪಾಯವನ್ನು ಹೆಚ್ಚಿಸುತ್ತವೆ, ನಿಜ. ಆದರೆ ಒಳ್ಳೆಯ ತಂದೆತಾಯಿಯ ಮಕ್ಕಳಿಗೂ ಈ ಕಾಯಿಲೆ ಬರುತ್ತದೆ, ಕಷ್ಟದ ಬಾಲ್ಯ ಕಂಡ ಹೆಚ್ಚಿನವರಿಗೆ ಬರುವುದೇ ಇಲ್ಲ. ‘ತಾಯಿ ಏನೋ ತಪ್ಪು ಮಾಡಿದ್ದಾಳೆ’ ಎಂಬ ಮಾತು ನಮ್ಮ ವೃತ್ತಿಯಲ್ಲೇ ಬಹಳ ವರ್ಷ ಓಡಾಡಿ ಎಷ್ಟೋ ತಾಯಂದಿರನ್ನು ನೋಯಿಸಿದೆ. ನೀವು ಇಷ್ಟು ಹೇಳಿದರೆ ಸಾಕು: ‘ಅಮ್ಮ, ನನಗೆ ಒಂದು ಕಾಯಿಲೆ ಇದೆ, ಬಹಳ ದಿನದಿಂದ ಮುಚ್ಚಿಟ್ಟಿದ್ದೆ. ನಿನ್ನ ತಪ್ಪು ಹುಡುಕಲು ಹೇಳುತ್ತಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ಬಾ.’ ಮುಂದೆ ಅವರು ಮಾಡಬಹುದಾದದ್ದು ಊಟದ ಹೊತ್ತಿಗೆ ಜೊತೆಗಿರುವುದು, ಊಟವಾದ ಮೇಲೆ ಒಂದು ಗಂಟೆ ನಿಮ್ಮ ಜೊತೆ ಕೂತು ಬೇರೇನಾದರೂ ಮಾತಾಡುವುದು. ತಟ್ಟೆ ಎಣಿಸುವುದು, ತೂಕ ಕೇಳುವುದು ಬೇಡವೆಂದು ಹೇಳಿಡಿ.

ಹೇಳುವ ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ಬರೆಯಿರಿ: ನಾನು ಹೇಳಿದರೆ ಅಮ್ಮ ಏನು ಅನ್ನುತ್ತಾರೆ, ಮರುದಿನ ನನ್ನನ್ನು ಹೇಗೆ ನೋಡುತ್ತಾರೆ, ವಾರದ ನಂತರ ನಮ್ಮ ಮಧ್ಯೆ ಏನು ಉಳಿದಿರುತ್ತದೆ. ಮಡಚಿ ಇಡಿ. ಅವರು ಅಳಬಹುದು, ಕೋಪಿಸಿಕೊಳ್ಳಲೂಬಹುದು. ಮೊದಲ ಹತ್ತು ನಿಮಿಷದ ಮೇಲೆ ಏನನ್ನೂ ತೀರ್ಮಾನಿಸಬೇಡಿ. ಒಂದು ವಾರ ಬಿಟ್ಟು ಚೀಟಿ ಬಿಚ್ಚಿ, ಆದದ್ದನ್ನು ಅದರ ಕೆಳಗೇ ಬರೆಯಿರಿ. ಹೊಸ ಚಿಕಿತ್ಸಕರ ಬಳಿ ಮೊದಲ ಸಲ ಹೋಗುವಾಗ ರಕ್ತ ಪರೀಕ್ಷೆಯ ವರದಿಯ ಜೊತೆ ಆ ಚೀಟಿಯನ್ನೂ ತೆಗೆದುಕೊಂಡು ಹೋಗಿ.